ರಸ್ತೆಯೇ ಏಳುವ ಊರಲ್ಲಿ ಕಂಡದ್ದು, ಉಂಡದ್ದು

ಸಂಚಾರ ನಿಲ್ಲುತ್ತದೆ. ಜನ ಕಟ್ಟೆಗೆ ಒತ್ತಿಕೊಂಡು ಮೊಬೈಲು ಎತ್ತುತ್ತಾರೆ. ನೋಡನೋಡುತ್ತಲೇ ಡಾಂಬರು, ಬಿಳಿಗೆರೆ ಎಲ್ಲ ಸಮೇತ ರಸ್ತೆಯೇ ಆಕಾಶಕ್ಕೆ ಏಳುತ್ತದೆ! ದಕ್ಷಿಣ ಕೊರಿಯಾದ ಅತಿ ದೊಡ್ಡ ಬಂದರು ಬೂಸಾನ್‌ನಲ್ಲಿ ಯೋಂಗ್‌ದೋ ದ್ವೀಪಕ್ಕೆ ದಾಟಿಸುವ ಸೇತುವೆ ಇದು. 1934ರದ್ದು. 1966ರಲ್ಲಿ ಏಳುವುದನ್ನು ಬಿಟ್ಟದ್ದು 2013ರಲ್ಲಿ ಹೊಸದಾಗಿ ಕಟ್ಟಿಸಿಕೊಂಡು ಮತ್ತೆ ಎದ್ದಿತು. ಮೈ ಜುಮ್ಮೆನ್ನಿಸುವುದು ಅದರ ಯಂತ್ರವಲ್ಲ, ಅದರ ಕಥೆ. 1950ರಲ್ಲಿ ಕೊರಿಯಾ ಯುದ್ಧ ಶುರುವಾಗಿ ಜನ ಊರು ಬಿಟ್ಟು ದಕ್ಷಿಣಕ್ಕೆ ಓಡುವಾಗ, ದಾರಿಯಲ್ಲಿ ಕೈತಪ್ಪಿದರೆ ಯೋಂಗ್‌ದೋ ಸೇತುವೆ ಹತ್ತಿರ ಸಿಗೋಣ ಎಂದು ಮಾತಾಡಿಕೊಂಡಿದ್ದರಂತೆ. ಎಷ್ಟೋ ಜನರಿಗೆ ಬೂಸಾನ್‌ನಲ್ಲಿ ಹೆಸರು ಗೊತ್ತಿದ್ದ ಜಾಗ ಅದೊಂದೇ!

ಹಾಗೆ ಬಂದವರು ಏನು ತಿಂದರು, ಎಲ್ಲಿ ಮಲಗಿದರು? ಅದಕ್ಕೆ ಉತ್ತರವೇ ಇವತ್ತಿನ ಬೂಸಾನ್.

ಮಿಲ್‌ಮ್ಯೋನ್ ತಗೊಳ್ಳಿ. ಉತ್ತರದವರಿಗೆ ತಮ್ಮೂರಿನ ತಣ್ಣನೆಯ ನೇಂಗ್‌ಮ್ಯೋನ್ ಶಾವಿಗೆಯದೇ ಹಂಬಲ. ಅದಕ್ಕೆ ಬೇಕಾದ ಬಕ್‌ವೀಟ್ ಹಿಟ್ಟು ಇಲ್ಲಿ ಸಿಗದು, ಸಿಗುತ್ತಿದ್ದದ್ದು ಅಮೆರಿಕದ ನೆರವಿನ ಗೋಧಿಹಿಟ್ಟು. ಅದನ್ನೇ ನಾದಿ, ಒತ್ತಿ, ಐಸು ತೇಲುವ ಸಾರಿನಲ್ಲಿ ಮುಳುಗಿಸಿದರು. ಮೇಲೊಂದು ಚಮಚ ಕೆಂಪು ಮೆಣಸಿನ ಮಸಾಲೆ, ಬೇಯಿಸಿದ ಅರ್ಧ ಮೊಟ್ಟೆ. ಬಾಯಿಗಿಟ್ಟರೆ ಹಲ್ಲು ಜುಮ್ಮೆನ್ನುವಷ್ಟು ತಂಪು, ಹಿಂದೆಯೇ ಖಾರ, ಆಮೇಲೆ ಹುಳಿ! ತಮ್ಮೂರಿನ ರುಚಿ ಬೇಕೆಂಬ ಹಟದಲ್ಲಿ ಅವರು ಯಾರೂ ಹಿಂದೆ ಉಣ್ಣದ ಹೊಸದೊಂದು ರುಚಿಯನ್ನೇ ಹುಟ್ಟಿಸಿಬಿಟ್ಟಿದ್ದರು.

ಸೇತುವೆಯಿಂದ ಕೂಗಳತೆ ದೂರದಲ್ಲೇ ಜಗಲ್‌ಚಿ, ಕೊರಿಯಾದ ಅತಿ ದೊಡ್ಡ ಮೀನುಪೇಟೆ. ರಬ್ಬರ್ ಬೂಟು, ಏಪ್ರನ್ ತೊಟ್ಟ ನಡುವಯಸ್ಸಿನ ಹೆಂಗಸರದ್ದೇ ಇಲ್ಲಿ ರಾಜ್ಯ. ತೊಟ್ಟಿಗಳಲ್ಲಿ ಆಕ್ಟೋಪಸ್ ಹರಿದಾಡುತ್ತದೆ, ಏಡಿ ಗೋಡೆ ಹತ್ತುತ್ತದೆ, ಕಿತ್ತಳೆ ಬಣ್ಣದ ಮುಳ್ಳುಮುಳ್ಳು ಗಡ್ಡೆಯಂಥದ್ದೊಂದು ನೀರು ಚಿಮ್ಮಿಸುತ್ತದೆ. ಅದೂ ಪ್ರಾಣಿಯೇ, ಅದನ್ನೂ ತಿನ್ನುತ್ತಾರೆ! ಕೆಳಗೆ ಮೀನು ಆರಿಸಿ ಮಹಡಿ ಹತ್ತಿದರೆ ಅದೇ ಮೀನು ತೆಳ್ಳಗೆ ಹೋಳಾಗಿ ತಟ್ಟೆಯಲ್ಲಿ ಬರುತ್ತದೆ. ಲೆಟ್ಯೂಸ್ ಎಲೆಯಲ್ಲಿ ಹೋಳು, ಹಸಿ ಬೆಳ್ಳುಳ್ಳಿ, ಹಸಿಮೆಣಸು, ಸೋಯಾ ಗೊಜ್ಜು ಇಟ್ಟು ಮಡಚಿ ಒಂದೇ ತುತ್ತಿಗೆ ಬಾಯಿಗೆ. ಉಳಿದ ತಲೆ, ಮುಳ್ಳು ಹಾಳಾಗುವುದಿಲ್ಲ, ಕೆಂಪಗೆ ಕುದಿಯುವ ಖಾರದ ಸಾರಾಗಿ ಮತ್ತೆ ಮೇಜಿಗೆ ಬರುತ್ತವೆ.

ಮಲಗಿದ್ದು ಎಲ್ಲಿ? ಆಮಿ-ದೋಂಗ್ ಗುಡ್ಡ ಹತ್ತಿ. ಜಪಾನಿಯರು ಆಳುತ್ತಿದ್ದಾಗ ಅದು ಅವರ ಸ್ಮಶಾನ. ನಿಲ್ಲಲು ನೆಲ ಸಿಗದ ನಿರಾಶ್ರಿತರು ಗೋರಿಗಳ ಮೇಲೆಯೇ ಮನೆ ಎಬ್ಬಿಸಿದರು, ಗೋರಿಕಲ್ಲುಗಳನ್ನೇ ಅಡಿಪಾಯಕ್ಕೆ, ಮೆಟ್ಟಿಲಿಗೆ ಹಾಕಿಕೊಂಡರು. ಈಗಲೂ ಗೋಡೆಯ ಬುಡದಲ್ಲಿ ಕೆತ್ತಿದ ಅಕ್ಷರ ಕಾಣುತ್ತದೆ! ಅದನ್ನು ದಾಟಿದರೆ ಗಮ್‌ಚೋನ್: ಹಳದಿ, ನೀಲಿ, ಗುಲಾಬಿ ಮನೆಗಳು ನವರಾತ್ರಿ ಗೊಂಬೆಗಳಂತೆ ಹಂತಹಂತವಾಗಿ ಕೂತಿವೆ. ಮುಂದಿನ ಮನೆ ಹಿಂದಿನ ಮನೆಯ ನೋಟಕ್ಕೆ ಅಡ್ಡ ಬರಬಾರದು ಎಂಬುದು ಕಟ್ಟಿದವರ ಕಟ್ಟಳೆ. ತಲೆ ಮೇಲೆ ಸೂರು ಸಿಕ್ಕರೆ ಸಾಕೆಂಬ ಕಾಲದಲ್ಲೂ ಹಿಂದಿನವರ ಬೆಳಕನ್ನು ನೆನೆದರಲ್ಲ! ಚಿತ್ರ, ಶಿಲ್ಪಗಳ ಕಲಾಯೋಜನೆ ಬಂದದ್ದು ಆಮೇಲೆ, 2009ರಲ್ಲಿ. ಜನ ಈಗಲೂ ವಾಸವಿರುವ ಓಣಿಗಳಿವು, ಮೆಲ್ಲಗೆ ನಡೆಯಿರಿ.

ನಮ್ಮವರ ಹೆಜ್ಜೆಯೂ ಈ ಬಂದರಿನಲ್ಲಿದೆ. 1950ರ ನವೆಂಬರಿನಲ್ಲಿ ಭಾರತದ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ತಂಡ, ಬಂದೂಕಿಗಲ್ಲ ಬ್ಯಾಂಡೇಜಿಗೆ, ಬಂದಿಳಿದದ್ದು ಇಲ್ಲೇ. ಯುದ್ಧ ನಿಂತ ಮೇಲೆ ಕೈದಿಗಳ ವಾಪಸಾತಿ ಆಯೋಗದ ಅಧ್ಯಕ್ಷರಾಗಿ ಕೊರಿಯಾಕ್ಕೆ ಬಂದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ.

ಸಮುದ್ರದ ಬಂಡೆಗಳ ಮೇಲಿನ ಹೇದೋಂಗ್ ಯೋಂಗ್‌ಗುಂಗ್ಸಾ ಬೌದ್ಧ ಮಂದಿರಕ್ಕೆ ಬೆಳಿಗ್ಗೆಯೇ ಹೋಗಿ. ಸಂಜೆಗೆ ನಾಂಪೋ-ದೋಂಗ್ ಬೀದಿ. ಅಲ್ಲಿ ಹೊತ್ತೋಕ್ ಎಂಬ ಹುದುಗಿದ ಹಿಟ್ಟಿನ ದಪ್ಪ ರೊಟ್ಟಿಯನ್ನು ಎಣ್ಣೆಯಲ್ಲಿ ಕರಿದು, ಕತ್ತರಿಯಿಂದ ಬಾಯಿ ಬಿಡಿಸಿ, ಸೂರ್ಯಕಾಂತಿ, ಕುಂಬಳ ಬೀಜ ತುಂಬಿ, ಕಾಗದದ ಲೋಟದಲ್ಲಿ ಸಿಕ್ಕಿಸಿ ಕೊಡುತ್ತಾರೆ. ಒಳಗೆ ಕರಗಿದ ಸಕ್ಕರೆ, ದಾಲ್ಚಿನ್ನಿ!

ರಾತ್ರಿ ಹಸಿದರೆ ಸೋಮ್ಯೋನ್‌ನ ಓಣಿಯಲ್ಲಿ ದ್ವೇಜಿ ಗುಕ್‌ಬಾಪ್. ಹಂದಿ ಮೂಳೆಯನ್ನು ಗಂಟೆಗಟ್ಟಲೆ ಕುದಿಸಿದ ಬೆಳ್ಳನೆಯ ಸಾರು, ಮಾಂಸದ ತೆಳು ಹೋಳು, ಅನ್ನ. ಉಪ್ಪಿನಲ್ಲಿ ಊರಿಸಿದ ಸಣ್ಣ ಸಿಗಡಿ ಬೆರೆಸಿ, ಮಸಾಲೆ ಹಚ್ಚಿದ ಹಸಿರು ಸೊಪ್ಪು ಕೈತುಂಬ ಹಾಕಿ ಕಲಸಿ. ಜೊತೆಗೆ ಕಿಮ್ಚಿ, ಈರುಳ್ಳಿ, ಹಸಿಮೆಣಸಿನಕಾಯಿ. ನಂಚಿಕೊಳ್ಳುವ ಇವು ಮುಗಿದರೆ ಇನ್ನೊಮ್ಮೆ ಕೇಳಿ, ದುಡ್ಡಿಲ್ಲದೆ ಕೊಡುತ್ತಾರೆ!