ತಂತ್ರಾಂಶಗಳ ಕಾಲಮುದ್ರೆ: ಅದರ ಅರ್ಥವೂ ಸ್ಥಿರೀಕರಣವೂ

ಪ್ರಾಚೀನ ಗ್ರಂಥವೊಂದರ ಓಲೆಯ ಪ್ರತಿಯನ್ನು ಪರಿಶೀಲಿಸುವ ಸಂಶೋಧಕನು ಮೊದಲು ಎರಡು ಕಾಲಗಳನ್ನು ಬೇರ್ಪಡಿಸಿಕೊಳ್ಳಬೇಕಾಗುತ್ತದೆ. ಗ್ರಂಥವು ರಚಿತವಾದ ಕಾಲ ಒಂದು. ಲಿಪಿಕಾರನು ಆ ಪ್ರತಿಯನ್ನು ಬರೆದು ಮುಗಿಸಿದ ಕಾಲ ಮತ್ತೊಂದು. ಇವೆರಡನ್ನು ಬೆರೆಸಿದರೆ ಕಾಲನಿರ್ಣಯವೇ ಕೆಡುತ್ತದೆ. ಗಣಕಯಂತ್ರದ ತಂತ್ರಾಂಶಗಳ ನಿರ್ಮಾಣದಲ್ಲಿಯೂ ಇಂಥದೇ ಭೇದವೊಂದು ಈಚೆಗೆ ಮಹತ್ತ್ವವನ್ನು ಪಡೆದಿದೆ. ಅದರ ಸ್ವರೂಪವನ್ನು ವಾಚಕರಿಗೆ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ.

ತಂತ್ರಾಂಶವನ್ನು ರಚಿಸುವವರು ಮನುಷ್ಯರು ಓದಿ ತಿಳಿಯಬಹುದಾದ ಭಾಷೆಯಲ್ಲಿ ಬರೆಯುತ್ತಾರೆ. ಇದನ್ನು ಆಕರಪಾಠವೆನ್ನೋಣ. ಕಂಪೈಲರ್ ಮೊದಲಾದ ಉಪಕರಣಗಳು ಈ ಪಾಠವನ್ನು ಯಂತ್ರವು ನಡೆಸಬಲ್ಲ ಅಂಕೆಗಳ ಸಾಲನ್ನಾಗಿ ಮಾರ್ಪಡಿಸುತ್ತವೆ. ಬಳಕೆದಾರನ ಕೈಗೆ ಬರುವುದು ಸಾಮಾನ್ಯವಾಗಿ ಈ ಯಂತ್ರರೂಪ ಮಾತ್ರ. ಅದು ತೋರಿಸಲಾದ ಆಕರಪಾಠದಿಂದಲೇ ಹುಟ್ಟಿತೆಂಬುದಕ್ಕೆ ಪ್ರಮಾಣವೇನು? ಈ ಪ್ರಶ್ನೆಯು ಕೇವಲ ತಾರ್ಕಿಕವಾದುದಲ್ಲವೆಂಬುದನ್ನು ೨೦೨೦ರ ಡಿಸೆಂಬರಿನಲ್ಲಿ ಬಯಲಾದ ಸೋಲಾರ್‌ವಿಂಡ್ಸ್ ಪ್ರಕರಣವು ತೋರಿಸಿಕೊಟ್ಟಿತು. ಅಲ್ಲಿ ಆಕ್ರಮಣಕಾರರು ನಿರ್ಮಾಣ ನಡೆಯುವ ಯಂತ್ರವನ್ನೇ ಹೊಕ್ಕು, ನಿರ್ಮಾಣದ ಗಳಿಗೆಯಲ್ಲಿ ಒಂದು ಕಡತವನ್ನು ಬದಲಿಸಿ, ಕೆಲಸ ಮುಗಿದೊಡನೆ ಮೂಲ ಕಡತವನ್ನು ಹಿಂದಿನಂತೆಯೇ ಇರಿಸಿದರು. ಕಾಪಿಟ್ಟ ಆಕರಪಾಠವನ್ನು ಎಷ್ಟು ಸಲ ಓದಿದರೂ ದೋಷವು ಕಾಣುವಂತಿರಲಿಲ್ಲ.

ಇದಕ್ಕೆ ಸೂಚಿತವಾಗಿರುವ ಪರಿಹಾರವು ಇತಿಹಾಸಕಾರನಿಗೆ ಪರಿಚಿತವಾದುದೇ: ಪರಸ್ಪರ ಸಂಬಂಧವಿಲ್ಲದ ಹಲವು ಸಾಕ್ಷಿಗಳನ್ನು ಹೋಲಿಸಿ ನೋಡುವುದು. ಬೇರೆ ಬೇರೆ ಸ್ಥಳಗಳಲ್ಲಿ, ಬೇರೆ ಬೇರೆ ಜನರು, ಒಂದೇ ಆಕರಪಾಠದಿಂದ ತಂತ್ರಾಂಶವನ್ನು ನಿರ್ಮಿಸಲಿ. ಫಲಿತಾಂಶಗಳೆಲ್ಲ ಒಂದಂಕೆಯೂ ತಪ್ಪದಂತೆ ಹೊಂದಿಕೊಂಡರೆ, ಯಾರೋ ಒಬ್ಬರ ಯಂತ್ರದಲ್ಲಿ ಕೈವಾಡ ನಡೆದಿಲ್ಲವೆಂದು ನಂಬಬಹುದು. ಈ ಕ್ರಮವನ್ನು ಪುನರುತ್ಪಾದ್ಯ ನಿರ್ಮಾಣವೆಂದು ಕರೆಯಬಹುದು. ಡೆಬಿಯನ್ ಸಮುದಾಯವು ೨೦೧೩ರಲ್ಲಿ ಈ ಕಾರ್ಯವನ್ನು ಕೈಗೆತ್ತಿಕೊಂಡಿತು.

ಆದರೆ ಹೋಲಿಕೆಯನ್ನು ಆರಂಭಿಸಿದೊಡನೆ ಎದುರಾದ ಅಡಚಣೆಗಳಲ್ಲಿ ಅತಿ ಸಾಮಾನ್ಯವಾದುದು ಗಡಿಯಾರ. ಸಿ ಭಾಷೆಯಲ್ಲಿ ಬರೆದ ಪಾಠವು ಕಂಪೈಲರ್ ಕೆಲಸ ಮಾಡಿದ ದಿನವನ್ನೂ ಹೊತ್ತನ್ನೂ ತನ್ನೊಳಗೆ ಅಚ್ಚೊತ್ತಿಕೊಳ್ಳಬಲ್ಲುದು. ಜಿಜಿಪ್ ಕಡತದ ಶಿರೋಭಾಗದಲ್ಲಿ ನಾಲ್ಕು ಬೈಟುಗಳು ಕಾಲಕ್ಕೇ ಮೀಸಲು. ಟಾರ್ ಮತ್ತು ಜಿಪ್ ಕಟ್ಟುಗಳು ಒಳಗಿನ ಪ್ರತಿಯೊಂದು ಕಡತದ ಕಾಲವನ್ನೂ ದಾಖಲಿಸುತ್ತವೆ. ಹೀಗಾಗಿ ಒಂದೇ ಪಾಠವನ್ನು ಒಂದೇ ಯಂತ್ರದಲ್ಲಿ ಎರಡು ಸಲ ನಿರ್ಮಿಸಿದರೂ ಫಲಿತಾಂಶಗಳು ಭಿನ್ನವಾಗುತ್ತಿದ್ದುವು. ಈ ನಿರ್ದೋಷಿ ಭೇದಗಳ ಗುಂಪಿನಲ್ಲಿ ಒಂದು ದುಷ್ಟ ಭೇದವು ಅಡಗಿಕೊಂಡರೆ ಅದನ್ನು ಗುರುತಿಸುವುದು ದುಸ್ಸಾಧ್ಯ. ಅಪಾಯವಿರುವುದು ಇಲ್ಲಿಯೇ.

ಪರಿಹಾರಮಾರ್ಗಗಳು ಹಲವುಂಟು. ಕಾಲವನ್ನು ದಾಖಲಿಸದೆಯೇ ಬಿಡುವುದು ಎಲ್ಲಕ್ಕಿಂತ ಸರಳ. ಜಿಜಿಪ್‌ನಲ್ಲಿ ಇದಕ್ಕೆ ಅವಕಾಶವಿದೆ. ಎಲ್ಲ ಕಡತಗಳಿಗೂ ಒಂದೇ ಕೃತಕ ಕಾಲವನ್ನು ಕೊಡುವುದು ಎರಡನೆಯದು. ನಿಕ್ಸ್ ಎಂಬ ವ್ಯವಸ್ಥೆಯು ತನ್ನ ಭಂಡಾರದ ಕಡತಗಳಿಗೆಲ್ಲ ೧೯೭೦ರ ಜನವರಿ ೧ರ ಮೊದಲ ಸೆಕೆಂಡು ಕಳೆದ ಕ್ಷಣವನ್ನೇ ಕಾಲವಾಗಿ ಇರಿಸುತ್ತದೆ. ಆದರೆ ಜಿಪ್ ಕಟ್ಟುಗಳು ೧೯೮೦ಕ್ಕೆ ಹಿಂದಿನ ಕಾಲವನ್ನು ಬರೆಯಲಾರವಾದುದರಿಂದ ಅಲ್ಲಿ ತೊಡಕುಂಟಾಗುತ್ತದೆ. ಗಡಿಯಾರವನ್ನೇ ನಿಲ್ಲಿಸಿ ಯಂತ್ರವನ್ನು ವಂಚಿಸುವುದು ಮೂರನೆಯದು. ಮೇಕ್‌ನಂಥ ಉಪಕರಣಗಳು ಯಾವ ಕಡತ ಹಳೆಯದು, ಯಾವುದು ಹೊಸದು ಎಂಬುದನ್ನು ಕಾಲದಿಂದಲೇ ತೀರ್ಮಾನಿಸುವುದರಿಂದ ಈ ವಂಚನೆಯು ನಿರ್ಮಾಣವನ್ನೇ ಗೊಂದಲಕ್ಕೀಡುಮಾಡಬಹುದು.

ನಾಲ್ಕನೆಯ ಮಾರ್ಗವೇ ಇಂದು ವ್ಯಾಪಕವಾಗಿ ಅಂಗೀಕೃತವಾಗಿರುವುದು. ೨೦೧೫ರಲ್ಲಿ ರೂಪುಗೊಂಡ ಈ ಸಂಪ್ರದಾಯಕ್ಕೆ ಸೋರ್ಸ್ ಡೇಟ್ ಎಪೋಕ್ ಎಂದು ಹೆಸರು. ಇದು ನಿರ್ಮಾಣದ ಉಪಕರಣಗಳಿಗೆಲ್ಲ ಒದಗಿಸಲಾಗುವ ಒಂದು ಸಂಖ್ಯೆ. ೧೯೭೦ರ ಜನವರಿ ೧ರ ಮಧ್ಯರಾತ್ರಿಯಿಂದ, ವಿಶ್ವಕಾಲಮಾನದಂತೆ, ಎಣಿಸಿದ ಸೆಕೆಂಡುಗಳು. ಉಪಕರಣವು ಈಗಿನ ಹೊತ್ತನ್ನು ಬರೆಯಬೇಕಾದೆಡೆಯಲ್ಲಿ ಈ ಸಂಖ್ಯೆಯನ್ನೇ ಬಳಸತಕ್ಕದ್ದು. ಸಂಖ್ಯೆಯನ್ನು ಆಕರಪಾಠದಿಂದಲೇ ಪಡೆಯಲಾಗುತ್ತದೆ: ಡೆಬಿಯನ್‌ನಲ್ಲಿ ಬದಲಾವಣೆಗಳ ದಿನಚರಿಯ ಇತ್ತೀಚಿನ ನಮೂದಿನ ಕಾಲ, ಗಿಟ್ ಭಂಡಾರದಲ್ಲಿ ಕೊನೆಯ ಕಮಿಟ್‌ನ ಕಾಲ. ೨೦೧೭ರಲ್ಲಿ ಹೊರಬಂದ ಜಿಸಿಸಿ ಕಂಪೈಲರಿನ ಏಳನೆಯ ಆವೃತ್ತಿಯು ಇದನ್ನು ಪಾಲಿಸತೊಡಗಿತು. ಟಾರ್‌ನಲ್ಲಿ ಈ ಮಿತಿಗಿಂತ ಈಚಿನ ಕಾಲಗಳನ್ನು ಮಾತ್ರ ಮಿತಿಗೆ ಇಳಿಸಿ, ಹಳೆಯವನ್ನು ಇದ್ದಂತೆ ಉಳಿಸುವ ಏರ್ಪಾಡೂ ಇದೆ.

ಸಂಖ್ಯೆಯು ಸ್ಥಿರವಾದ ಮಾತ್ರಕ್ಕೆ ತೇದಿಯು ಸ್ಥಿರವಾಗದೆಂಬುದನ್ನೂ ಗಮನಿಸಬೇಕು. ೧,೨೩,೪೫,೬೭,೮೯೦ ಎಂಬ ಸೆಕೆಂಡು ವಿಶ್ವಕಾಲಮಾನದಲ್ಲಿ ೨೦೦೯ರ ಫೆಬ್ರವರಿ ೧೩ರ ರಾತ್ರಿ ೧೧ ಗಂಟೆ ೩೧ ನಿಮಿಷ ೩೦ ಸೆಕೆಂಡು. ಭಾರತೀಯ ಕಾಲಮಾನದಲ್ಲಿ ಅದೇ ಕ್ಷಣವು ಫೆಬ್ರವರಿ ೧೪ರ ಬೆಳಗಿನ ೫ ಗಂಟೆ ೧ ನಿಮಿಷ ೩೦ ಸೆಕೆಂಡು. ಬೆಂಗಳೂರಿನ ಯಂತ್ರವು ಸ್ಥಳೀಯ ತೇದಿಯನ್ನೂ ಲಂಡನ್ನಿನ ಯಂತ್ರವು ತನ್ನ ತೇದಿಯನ್ನೂ ಬರೆದರೆ ಸಾಕ್ಷಿಗಳು ಮತ್ತೆ ಬೇರೆಯಾಗುತ್ತವೆ. ಆದುದರಿಂದ ವಲಯವನ್ನೂ ತಿಂಗಳ ಹೆಸರುಗಳ ಭಾಷೆಯನ್ನೂ ನಿಶ್ಚಯಿಸುವುದು ಅಗತ್ಯ.

ಇಲ್ಲಿ ಒಂದು ಆಕ್ಷೇಪಣೆಯು ಸಹಜವಾಗಿ ಏಳುತ್ತದೆ. ಇಂದು ಮಾಡಿದ ವಸ್ತುವಿನ ಮೇಲೆ ಹಿಂದಿನ ತೇದಿಯನ್ನು ಹಾಕುವುದು ಕೂಟಶಾಸನವನ್ನು ಕೊರೆದಂತಾಗದೆ? ಗಂಗರ ಹೆಸರಿನ ಹಲವು ತಾಮ್ರಶಾಸನಗಳನ್ನು ಫ್ಲೀಟ್ ಕೂಟಗಳೆಂದು ನಿರಾಕರಿಸಿದುದನ್ನು ನಮ್ಮ ಓದುಗರು ಬಲ್ಲರು. ಆದರೆ ಕೂಟಶಾಸನದ ತೇದಿಯು ಆ ಫಲಕವನ್ನು ಹೊರಡಿಸಿದ ದಿನವೆಂದು ನಂಬಿಸಲು ಹಾಕಿದುದು. ಇಲ್ಲಿಯ ತೇದಿಯು ಪಾಠದ ಕಾಲವೆಂದು ಮೊದಲೇ ಸಾರಲಾಗಿದೆ. ನಿರ್ಮಾಣದ ನಿಜವಾದ ಸಂದರ್ಭವೂ ನಷ್ಟವಾಗುವುದಿಲ್ಲ. ಡೆಬಿಯನ್ ಸಮುದಾಯವು ಬಳಸಿದ ಉಪಕರಣಗಳನ್ನೂ ಅವುಗಳ ಆವೃತ್ತಿಗಳನ್ನೂ ಬಿಲ್ಡ್‌ಇನ್ಫೋ ಎಂಬ ಪ್ರತ್ಯೇಕ ಕಡತದಲ್ಲಿ ದಾಖಲಿಸುತ್ತದೆ. ನಿರ್ಮಾಣದ ದಿನವನ್ನೂ ಅದರಲ್ಲಿ ನಮೂದಿಸಬಹುದು. ಲಿಪಿಕಾರನ ಸಮಾಪ್ತಿವಾಕ್ಯವನ್ನು ಪಾಠದಿಂದ ಬಿಡಿಸಿ ಬೇರೆ ಓಲೆಯಲ್ಲಿ ಇಟ್ಟಂತೆ.

ಈ ವಿಧಾನದ ಮಿತಿಯನ್ನೂ ಹೇಳುವುದು ಯುಕ್ತ. ಕಂಪೈಲರೇ ಗುಟ್ಟಾಗಿ ದೋಷವನ್ನು ಸೇರಿಸಬಲ್ಲುದೆಂದು ಕೆನ್ ಥಾಮ್ಸನ್ ೧೯೮೪ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ತೋರಿಸಿದರು. ಸಾಕ್ಷಿಗಳೆಲ್ಲರೂ ಅಂಥ ಒಂದೇ ಕಂಪೈಲರನ್ನು ಬಳಸಿದ್ದರೆ ಅವರ ಹೊಂದಾಣಿಕೆಗೆ ಬೆಲೆಯಿಲ್ಲ. ಒಂದೇ ಕೆಟ್ಟ ಮಾತೃಕೆಯಿಂದ ಇಳಿದ ಹತ್ತು ಪ್ರತಿಗಳು ಒಂದೇ ಸಾಕ್ಷಿಗೆ ಸಮ. ಆಕರಪಾಠದಲ್ಲಿಯೇ ದುರುದ್ದೇಶವಿದ್ದರೆ ಅದನ್ನೂ ಈ ಕ್ರಮವು ಹಿಡಿಯಲಾರದು.

ಆದರೂ ಲಾಭವು ಅಲ್ಪವಲ್ಲ. ಗಡಿಯಾರದ ಆಕಸ್ಮಿಕವನ್ನು ನಿವಾರಿಸಿದ ಮೇಲೆ ಉಳಿಯುವ ಪ್ರತಿಯೊಂದು ಭೇದಕ್ಕೂ ಕಾರಣವನ್ನು ಕೇಳಬಹುದು, ಕೇಳಲೇಬೇಕು. ನಿರ್ಮಾಪಕನ ಮಾತನ್ನು ನಂಬಬೇಕಾಗಿದ್ದ ಕಡೆ ಸಾಮಾನ್ಯನೂ ಸ್ವತಃ ಪರೀಕ್ಷಿಸುವ ಅಧಿಕಾರವನ್ನು ಪಡೆಯುತ್ತಾನೆ. ಮುಂದೊಂದು ಕಾಲದಲ್ಲಿ ನಮ್ಮ ಯುಗದ ದಾಖಲೆಗಳನ್ನು ಪರಿಶೋಧಿಸುವವರಿಗೂ ತಂತ್ರಾಂಶವೊಂದರ ಮೇಲಿನ ತೇದಿಯು ಯಾವ ಘಟನೆಯ ತೇದಿಯೆಂಬುದು ಸಂದೇಹವಿಲ್ಲದೆ ತಿಳಿಯುವುದು.