ಸ್ಪೀಡ್ ಡಬಲ್ ಆದ್ರೆ ಪೆಟ್ಟು ನಾಲ್ಕು ಪಟ್ಟು: ಬೈಕ್ ಓಡಿಸೋರು ತಿಳ್ಕೊಳ್ಳಲೇಬೇಕಾದ ಲೆಕ್ಕ

ಮಂಡ್ಯ: ಕಬ್ಬಿನ ಸೀಸನ್ ಬಂತು ಅಂದ್ರೆ ನಮ್ಮ ರಸ್ತೆಗಳಲ್ಲಿ ಲೋಡ್ ಟ್ರ್ಯಾಕ್ಟರ್‌ಗಳದ್ದೇ ಸಾಲು. ಪಕ್ಕದಲ್ಲಿ ಅವನ್ನು ಓವರ್‌ಟೇಕ್ ಮಾಡೋ ಬೈಕ್‌ಗಳು. ಎಲ್ಲಾದ್ರೂ ಆಕ್ಸಿಡೆಂಟ್ ಆದಾಗ ಸೇರಿದ ಜನ ಹೇಳೋ ಮಾತು ಒಂದೇ: "ಅಂಥಾ ಸ್ಪೀಡೇನೂ ಇರ್ಲಿಲ್ಲ, ಹತ್ತಿಪ್ಪತ್ತು ಜಾಸ್ತಿ ಇತ್ತು ಅಷ್ಟೇ." ಅಸಲು ವಿಷಯ ಇರೋದೇ ಆ ಹತ್ತಿಪ್ಪತ್ತರಲ್ಲಿ.

ಓಡುವ ಯಾವುದೇ ವಸ್ತುವಿನಲ್ಲಿ ಒಂದು ಶಕ್ತಿ ಇರುತ್ತದೆ. ಅದಕ್ಕೆ ಚಲನ ಶಕ್ತಿ ಅಂತಾರೆ. ತೂಕವನ್ನು ವೇಗದಿಂದ ಎರಡು ಸಲ ಗುಣಿಸಿ ಅರ್ಧ ಮಾಡಿದರೆ ಅದರ ಲೆಕ್ಕ ಸಿಗುತ್ತದೆ. ನಾನೂ ಪಿಯುಸಿಯಲ್ಲಿ ಮಾರ್ಕ್ಸ್‌ಗೋಸ್ಕರ ಬಾಯಿಪಾಠ ಮಾಡಿದ್ದೆ. ಅರ್ಥ ಆಗಿದ್ದು ರಸ್ತೆ ಸುದ್ದಿ ಬರೆಯೋಕೆ ಶುರು ಮಾಡಿದ ಮೇಲೆ.

ಅಂಗಡಿಯ ತೂಕದ ಕಲ್ಲಲ್ಲೇ ನೋಡಿ

ಹಳೇ ತೂಕದ ಕಲ್ಲು ಇದ್ದರೆ ಹಸಿ ಜೇಡಿಮಣ್ಣಿನ ಮೇಲೆ ಬೀಳಿಸಿ ನೋಡಿ. ಒಂದೇ ಎತ್ತರದಿಂದ ಬಿಟ್ಟರೆ ಅರ್ಧ ಕೆಜಿ ಕಲ್ಲಿಗಿಂತ ಒಂದು ಕೆಜಿ ಕಲ್ಲಿನ ಶಕ್ತಿ ಎರಡು ಪಟ್ಟು. ತೂಕದ ಲೆಕ್ಕ ಇಷ್ಟು ಸರಳ.

ವೇಗದ ಲೆಕ್ಕ ಹಾಗಲ್ಲ. ಒಂದು ಅಡಿಯಿಂದ ಬಿಟ್ಟ ಕಲ್ಲಿನ ವೇಗ ಡಬಲ್ ಆಗಬೇಕಾದರೆ ನಾಲ್ಕು ಅಡಿಯಿಂದ ಬಿಡಬೇಕು. 1720ರ ದಶಕದಲ್ಲಿ ಹಾಲೆಂಡಿನ ವಿಜ್ಞಾನಿ ಗ್ರಾವೆಸಾಂಡೆ ಹಿತ್ತಾಳೆ ಗುಂಡುಗಳನ್ನು ಜೇಡಿಮಣ್ಣಿನ ಮೇಲೆ ಬೀಳಿಸಿ ಇದನ್ನೇ ಕಂಡುಕೊಂಡರು. ವೇಗ ಎರಡು ಪಟ್ಟಾದರೆ ಮಣ್ಣಲ್ಲಿ ಬೀಳೋ ತಗ್ಗು ನಾಲ್ಕು ಪಟ್ಟು. ಮೂರು ಪಟ್ಟಾದರೆ ಒಂಬತ್ತು ಪಟ್ಟು.

ಎಷ್ಟನೇ ಮಹಡಿಯಿಂದ ಬಿದ್ದಂಗೆ?

ಬೈಕ್, ಸವಾರ ಸೇರಿ 180 ಕೆಜಿ ಅಂತ ಇಟ್ಕೊಳ್ಳಿ. 40 ಕಿ.ಮೀ. ಸ್ಪೀಡಲ್ಲಿ ಅದರ ಶಕ್ತಿ ಸುಮಾರು 11 ಸಾವಿರ ಜೂಲ್. 80ರಲ್ಲಿ 44 ಸಾವಿರ. 40ರಲ್ಲಿ ಹೋಗಿ ಗೋಡೆಗೆ ಗುದ್ದಿದರೆ ಸುಮಾರು 20 ಅಡಿ ಎತ್ತರದಿಂದ, ಅಂದರೆ ಎರಡು ಮಹಡಿ ಮೇಲಿಂದ ಬಿದ್ದಂಗೆ. 80ರಲ್ಲಾದರೆ 80 ಅಡಿ ದಾಟುತ್ತೆ, ಎಂಟು ಮಹಡಿ!

ಹಾಗಂತ ನಿಧಾನಕ್ಕೆ ಬರೋ ಟ್ರ್ಯಾಕ್ಟರ್ ಅಂತ ಸದರ ಬೇಡ. ಕಬ್ಬು, ಟ್ರೈಲರ್ ಎಲ್ಲಾ ಸೇರಿ 15 ಟನ್ ಇದ್ದರೆ ಬರೀ 20 ಕಿ.ಮೀ. ವೇಗದಲ್ಲೇ ಅದರ ಶಕ್ತಿ 2 ಲಕ್ಷ 30 ಸಾವಿರ ಜೂಲ್. 80ರಲ್ಲಿ ಹೋಗೋ ಬೈಕಿನ ಐದು ಪಟ್ಟು. ಡ್ರೈವರ್ ಬ್ರೇಕ್ ಒತ್ತಿದ ತಕ್ಷಣ ಅದು ನಿಲ್ಲಲ್ಲ. ಅದರ ಮುಂದೆ ನುಗ್ಗಿ ಸಡನ್ನಾಗಿ ಅಡ್ಡ ತಿರುಗಿಸಬೇಡಿ.

ಬ್ರೇಕ್ ಹಾಕಿದ್ರೂ ಯಾಕೆ ಗುದ್ದುತ್ತೆ?

ಬ್ರೇಕ್ ಈ ಶಕ್ತಿಯನ್ನು ಶಾಖ ಮಾಡಿ ಕಳೆಯಬೇಕು. ಶಕ್ತಿ ನಾಲ್ಕು ಪಟ್ಟಾದರೆ ಅದಕ್ಕೆ ಬೇಕಾಗೋ ದೂರವೂ ನಾಲ್ಕು ಪಟ್ಟು. ಜೊತೆಗೆ ಕಣ್ಣಿಗೆ ಕಂಡು ಕಾಲು ಬ್ರೇಕ್ ಒತ್ತೋಕೆ ಒಂದು ಸೆಕೆಂಡಾದರೂ ಬೇಕು. ಸಾಧಾರಣ ರಸ್ತೆ, ಸಾಧಾರಣ ಬ್ರೇಕ್ ಅಂದ್ಕೊಂಡರೆ 40ರಲ್ಲಿ ಬಂದವನು ಸುಮಾರು 23 ಮೀಟರ್‌ಗೆ ನಿಲ್ಲುತ್ತಾನೆ. 80ರಲ್ಲಿ ಬಂದವನಿಗೆ 70 ಮೀಟರ್ ಬೇಕು.

ಈಗ 23 ಮೀಟರ್ ಮುಂದೆ ಒಂದು ಮಗು ರಸ್ತೆಗೆ ಓಡಿ ಬಂತು ಅಂದ್ಕೊಳ್ಳಿ. 40ರಲ್ಲಿದ್ದ ಬೈಕ್ ಮಗುವಿನ ಹತ್ತಿರ ಬಂದು ನಿಲ್ಲುತ್ತೆ. 60ರಲ್ಲಿದ್ದ ಬೈಕ್ ಬ್ರೇಕ್ ಒತ್ತಿದ್ದರೂ ಆ ಜಾಗಕ್ಕೆ ಬಂದಾಗ ಇನ್ನೂ 50ರ ಮೇಲೇ ಇರುತ್ತೆ. ಮಳೆ ಬಿದ್ದು ರಸ್ತೆ ಜಾರುತ್ತಿದ್ದರೆ, ಟೈರ್ ಸವೆದಿದ್ದರೆ ಕಥೆ ಇನ್ನೂ ಕೆಟ್ಟದ್ದು.

ಹೆಲ್ಮೆಟ್ ಕೆಲಸ ಮಾಡೋದೂ ಇದೇ ಲೆಕ್ಕದಲ್ಲಿ. ಒಳಗಿನ ಥರ್ಮಾಕೋಲ್ ಪದರ ತಾನು ಜಜ್ಜಿಹೋಗಿ ತಲೆಗೆ ಬರೋ ಶಕ್ತಿಯನ್ನು ತಾನೇ ನುಂಗುತ್ತೆ. ಬೆಲ್ಟ್ ಹಾಕದಿದ್ದರೆ ಬಿದ್ದಾಗ ಹೆಲ್ಮೆಟ್ ಒಂದು ಕಡೆ, ತಲೆ ಒಂದು ಕಡೆ.

ಅಂಗಡಿಯವರಿಗೂ ಒಂದು ಮಾತು. ಬೋರ್ಡು, ಮೂಟೆ, ಕ್ರೇಟುಗಳನ್ನು ರಸ್ತೆ ಅಂಚಿಗೆ ಇಟ್ಟರೆ ನಡೆದು ಹೋಗೋರು ರಸ್ತೆಗೇ ಇಳಿಯಬೇಕು. ಸವಾರನಿಗೆ ಅವರು ಕಾಣೋದೂ ತಡವಾಗುತ್ತೆ.

ಕೊನೆಗೆ ಲಾಭದ ಲೆಕ್ಕವನ್ನೂ ನೋಡಿಬಿಡೋಣ. ಪೇಟೆಯ ಒಂದು ಕಿ.ಮೀ. ರಸ್ತೆಯನ್ನು 40ರ ಬದಲು 60ರಲ್ಲಿ ದಾಟಿದರೆ ಉಳಿಯೋದು ಬರೀ 30 ಸೆಕೆಂಡ್. ಅಷ್ಟಕ್ಕೆ ಪೆಟ್ಟಿನ ಶಕ್ತಿ ಎರಡು ಪಟ್ಟಿಗಿಂತ ಜಾಸ್ತಿ. ಗಿಟ್ಟೋ ವ್ಯಾಪಾರನಾ ಇದು? ನೀವೇ ಹೇಳಿ.