ಭಾಗಿಸದೆ ಗುರುತಿಸಿದ ಅವಿಭಾಜ್ಯ

170141183460469231731687303715884105727. 39 ಅಂಕಿಗಳ ಈ ಅವಿಭಾಜ್ಯ ಸಂಖ್ಯೆಯನ್ನು ಗಣಿತಜ್ಞರು ಚಿಕ್ಕದಾಗಿ 2¹²⁷ − 1 ಎಂದು ಬರೆಯುತ್ತಾರೆ. ದ್ವಿಮಾನ ಪದ್ಧತಿಯಲ್ಲಿ ಬರೆದರೆ ಇದು 127 ಒಂದುಗಳ ಸಾಲು, ನಡುವೆ ಒಂದು ಸೊನ್ನೆಯೂ ಇಲ್ಲ. ಆ ರೂಪವೇ ಇದರ ಗುಟ್ಟನ್ನು ಬಿಡಿಸಿತು.

1644ರಲ್ಲಿ ಫ್ರಾನ್ಸಿನ ಸನ್ಯಾಸಿ ಮರ್ಸೆನ್, 2ರ ಘಾತದಿಂದ 1 ಕಳೆದಾಗ ಅವಿಭಾಜ್ಯ ಸಿಗುವ ಘಾತಾಂಕಗಳನ್ನು 257ರವರೆಗೆ ಪಟ್ಟಿ ಮಾಡಿದ. ಪುರಾವೆ ಕೊಡಲಿಲ್ಲ. ಅದರಲ್ಲಿದ್ದ 67 ಮತ್ತು 257 ತಪ್ಪೆಂದೂ, 61, 89, 107 ಬಿಟ್ಟುಹೋಗಿವೆಯೆಂದೂ ಆಮೇಲೆ ತಿಳಿಯಿತು. 127 ಸರಿಯಾಗಿಯೇ ಇತ್ತು.

ಆದರೆ ಅದನ್ನು ಖಚಿತಪಡಿಸುವುದು ಹೇಗೆ? 2¹²⁷ − 1ಕ್ಕೆ ಅವಿಭಾಜ್ಯ ಭಾಜಕವೊಂದಿದ್ದರೆ ಅದನ್ನು 254ರಿಂದ ಭಾಗಿಸಿದಾಗ 1 ಉಳಿಯಲೇಬೇಕು. ಇಂಥದೇ ನಿರ್ಬಂಧದ ಬಲದಿಂದ ಗಣಿತಜ್ಞ ಆಯ್ಲರ್ 1772ರಲ್ಲಿ 2³¹ − 1 ಅವಿಭಾಜ್ಯವೆಂದು ತೋರಿಸಿದ್ದ. ಅದು ಹತ್ತೇ ಅಂಕಿಗಳ ಸಂಖ್ಯೆ. ಇಲ್ಲಿ ವರ್ಗಮೂಲಕ್ಕೇ 20 ಅಂಕಿಗಳಿವೆ. ಅಲ್ಲಿಯವರೆಗಿನ ಭಾಜಕಗಳನ್ನು ಒಂದೊಂದಾಗಿ ಪರೀಕ್ಷಿಸಲು ಮನುಷ್ಯನ ಆಯುಸ್ಸು ಸಾಲದು.

1876ರಲ್ಲಿ ಗಣಿತಜ್ಞ ಎದುವಾರ್ ಲ್ಯೂಕಾ ಭಾಜಕಗಳನ್ನು ಹುಡುಕುವ ದಾರಿಯನ್ನೇ ಬಿಟ್ಟ. ಅವನ ಪರೀಕ್ಷೆಯನ್ನು 127ರ ಮೇಲೇ, ಅಂದರೆ 2⁷ − 1ರ ಮೇಲೇ ನೋಡಬಹುದು. 3ರಿಂದ ಆರಂಭಿಸಿ ಪ್ರತಿ ಸಲ ವರ್ಗ ಮಾಡಿ, 2 ಕಳೆದು, 127ರಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು: 3, 7, 47, 48, 16, 0. ಘಾತಾಂಕ 7ಕ್ಕಿಂತ ಎರಡು ಕಡಿಮೆ, ಅಂದರೆ ಐದನೇ ಹೆಜ್ಜೆಗೆ ಸೊನ್ನೆ ಬಂತು, ಆದ್ದರಿಂದ 127 ಅವಿಭಾಜ್ಯ. 2¹²⁷ − 1ಕ್ಕೆ ಇಂಥ 125 ಹೆಜ್ಜೆಗಳು ಸಾಕು.

39 ಅಂಕಿಗಳ ಸಂಖ್ಯೆಗಳನ್ನು ಕೈಯಲ್ಲಿ ವರ್ಗ ಮಾಡುವುದೂ ಸುಲಭವಲ್ಲ. ಇಲ್ಲಿ ದ್ವಿಮಾನ ರೂಪ ನೆರವಿಗೆ ಬರುತ್ತದೆ. 2¹²⁷ನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಉಳಿಯುವುದು 1. ಆದ್ದರಿಂದ ಎಡತುದಿಯಿಂದ ಹೊರಬಿದ್ದ ಅಂಕಿಯನ್ನು ಬಲತುದಿಗೆ ಸೇರಿಸಿದರೆ ಭಾಗಾಕಾರ ಮುಗಿದಂತೆ. ಲ್ಯೂಕಾ ಇದನ್ನು ಚದುರಂಗದಂಥ ಹಾಸಿನ ಮೇಲೆ ಕಾಯಿ ನಡೆಸುವ ಆಟವಾಗಿ ವಿವರಿಸಿದ: ಒಂದು ಕಂಬಸಾಲಿನಲ್ಲಿ ಎರಡು ಕಾಯಿ ಸೇರಿದರೆ ಅವನ್ನು ತೆಗೆದು ಎಡಪಕ್ಕದ ಸಾಲಿಗೆ ಒಂದು ಕಾಯಿ. ಗಣಕಯಂತ್ರಗಳಿಗಿಂತ ಎಷ್ಟೋ ಮೊದಲೇ ಅವುಗಳ ಲೆಕ್ಕದ ರೀತಿಯನ್ನು ಹಿಡಿದ ಈ ಜಾಣ್ಮೆ ನಿಜಕ್ಕೂ ಬೆರಗು ಹುಟ್ಟಿಸುತ್ತದೆ.

1951ರವರೆಗೆ, 75 ವರ್ಷ, ಇದಕ್ಕಿಂತ ದೊಡ್ಡ ಅವಿಭಾಜ್ಯ ಯಾರಿಗೂ ಸಿಗಲಿಲ್ಲ. ಈ ನಡುವೆ 1930ರಲ್ಲಿ ಅಮೆರಿಕದ ಲೆಹ್ಮರ್ ಪರೀಕ್ಷೆಯನ್ನು ಪರಿಷ್ಕರಿಸಿದ. 3ರ ಬದಲು 4ರಿಂದ ಆರಂಭಿಸಿದರೆ ಅದು 2ರ ಹೊರತು ಎಲ್ಲ ಅವಿಭಾಜ್ಯ ಘಾತಾಂಕಗಳಿಗೂ ಹೊಂದುತ್ತದೆ. 2024ರಲ್ಲಿ ಘೋಷಿತವಾದ 2¹³⁶²⁷⁹⁸⁴¹ − 1, 41024320 ಅಂಕಿಗಳ ಅವಿಭಾಜ್ಯ, ಲ್ಯೂಕಾ–ಲೆಹ್ಮರ್ ಪರೀಕ್ಷೆಯಿಂದಲೇ ದೃಢಪಟ್ಟಿತು.

2¹²⁷ − 1ನ್ನು 2¹²⁶ರಿಂದ ಗುಣಿಸಿದರೆ 77 ಅಂಕಿಗಳ ಪರಿಪೂರ್ಣ ಸಂಖ್ಯೆ ಸಿಗುತ್ತದೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಅದು ಸಮ. ಇನ್ನೊಂದು ಸರಣಿಯಲ್ಲೂ ಇದಕ್ಕೆ ಸ್ಥಾನವಿದೆ. 2ರಿಂದ 3, 3ರಿಂದ 7, 7ರಿಂದ 127, 127ರಿಂದ 2¹²⁷ − 1: ಪ್ರತಿಯೊಂದೂ ಹಿಂದಿನದನ್ನು 2ರ ಘಾತಾಂಕವಾಗಿಸಿ 1 ಕಳೆದಾಗ ಬಂದದ್ದು, ಎಲ್ಲವೂ ಅವಿಭಾಜ್ಯ. ಮುಂದಿನದೂ ಹಾಗೆಯೇ ಇರಬಹುದೇ ಎಂಬ ಪ್ರಶ್ನೆಯನ್ನು ಗಣಿತಜ್ಞ ಕ್ಯಾಟಲನ್ ಎತ್ತಿದ. ಆ ಸಂಖ್ಯೆಯನ್ನು ಬರೆಯಲು ಬೇಕಾದ ದ್ವಿಮಾನ ಅಂಕಿಗಳ ಎಣಿಕೆಯೇ 2¹²⁷ − 1. ಲ್ಯೂಕಾ ಪರೀಕ್ಷೆಯನ್ನು ಅದರ ಮೇಲೆ ನಡೆಸಲು ಯಾವ ಯಂತ್ರಕ್ಕೂ ಆಗದು. ಸಣ್ಣ ಭಾಜಕವೊಂದು ಸಿಕ್ಕರೆ ಉತ್ತರ ‘ಅಲ್ಲ’ ಎಂದಾಗುತ್ತದೆ; ಇದುವರೆಗೆ ಯಾವುದೂ ಸಿಕ್ಕಿಲ್ಲ.